ಚೈತ್ರ ಮಿಸ್ಸಿನ ದನಿ

ಭೇರ್ಯ
೮ ಡಿಸೆಂಬರ್ ೨೦೨೫

ಅನು,

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡಿದ್ದೀಯ. ಲಕೋಟೆಯನ್ನು ಒಡೆಯದೆ ಎತ್ತಿಟ್ಟುಬಿಡಬೇಡ. ಜಗಳ ಮುಂದುವರಿಸುವುದಕ್ಕಾಗಲಿ ಮುಗಿಸುವುದಕ್ಕಾಗಲಿ ಬರೆಯುತ್ತಿಲ್ಲ. ಇವತ್ತು ಆದದ್ದನ್ನು ಯಾರಿಗಾದರೂ ಹೇಳದಿದ್ದರೆ ತಲೆ ಕೆಡುತ್ತದೆ, ಹೇಳುವುದಕ್ಕೆ ಗಂಟಲಿಲ್ಲ. ಫೋನನ್ನು ಮುಟ್ಟುವುದಕ್ಕೇ ಬೆಳಗಿನಿಂದ ಹೆದರಿಕೆ. ಬಿ.ಎಡ್. ಹಾಸ್ಟೆಲಿನಲ್ಲಿ ನನ್ನ ನೋಟ್ಸ್ ನೋಡಿ ಬರೆದುಕೊಂಡವಳು ನೀನು. ಈ ಅಕ್ಷರ ನನ್ನದೇ ಎಂದು ನಿನಗಾದರೂ ಗೊತ್ತಾಗುತ್ತದೆ.

ದಸರಾ ಮುಗಿಯುತ್ತಿದ್ದಂತೆ ನನ್ನ ದನಿ ಹೋಯಿತು. ಮೈಸೂರಿನ ಡಾಕ್ಟರು ಗಂಟಲಿನೊಳಗೆ ಗಂಟುಗಳಾಗಿವೆ, ಕೂಗಿ ಕೂಗಿ ಪಾಠ ಮಾಡಿದವರಿಗೆ ಆಗುತ್ತವೆ ಎಂದರು. ಮಾತೇ ಆಡಕೂಡದು, ಪಿಸುಮಾತೂ ಬೇಡ ಎಂದರು. ಹತ್ತನೇ ತರಗತಿಯ ವಿಜ್ಞಾನ ಅರ್ಧಕ್ಕೆ ನಿಂತಿತ್ತು. ನಮ್ಮ ಮಾವಿನಕಟ್ಟೆ ಶಾಲೆಗೆ ದಾನಿಗಳು ಕೊಟ್ಟ ದೊಡ್ಡ ಪರದೆ, ಲ್ಯಾಪ್‌ಟಾಪ್ ಇದ್ದವು. ಕೊರೊನಾ ಕಾಲದಲ್ಲಿ ನಾನು ರೆಕಾರ್ಡ್ ಮಾಡಿದ್ದ ಪಾಠಗಳೂ ಇದ್ದವು. ಆ ಪಾಠಗಳನ್ನು ಕೇಳಿಸಿಕೊಂಡು, ಟೈಪ್ ಮಾಡಿದ್ದನ್ನೆಲ್ಲ ನನ್ನ ದನಿಯಲ್ಲೇ ಹೇಳುವ ಒಂದು ಸಾಧನವನ್ನು ಹಾಕಿಕೊಂಡೆ. ನಾನು ಬರೆಯುವುದು, ಯಾವುದಾದರೂ ಹುಡುಗಿ ಕೂತು ಟೈಪ್ ಮಾಡುವುದು, ಪರದೆಯ ಪಕ್ಕದ ಸ್ಪೀಕರಿನಿಂದ ನಾನು ಮಾತಾಡುವುದು. ಮೊದಲ ದಿನ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಗಿತ್ತು ಕಣೇ.

ಇವತ್ತು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸೌಂದರ್ಯಳ ಅಪ್ಪ ವೆಂಕಟೇಶ್ ಮೈದಾನದೊಳಕ್ಕೆ ನುಗ್ಗಿದರು. ಸೌಂದರ್ಯ ಹತ್ತನೇ ತರಗತಿಯವಳು, ಬೇರೆ ಯಾರಿಗಿಂತಲೂ ಚೆನ್ನಾಗಿ ಓದುತ್ತಾಳೆ. ಅವಳಪ್ಪ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರು, ದನಿ ಎತ್ತಿ ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. ನೇರ ನನ್ನ ಮುಖಕ್ಕೆ ಫೋನು ಹಿಡಿದು, ಯಾವುದೋ ಗುರುತಿಲ್ಲದ ನಂಬರಿನಿಂದ ಬಂದ ವಾಯ್ಸ್ ಮೆಸೇಜ್ ಹಾಕಿದರು.

“ವೆಂಕಟೇಶ್ ಅವರೇ, ನಾನು ಚೈತ್ರ ಮಿಸ್. ಸೌಂದರ್ಯ ಮದುವೆ ಮಾತು ಇಲ್ಲಿಗೇ ನಿಲ್ಲಿಸಿ. ಅವಳಿಗಿನ್ನೂ ಹದಿನೈದು. ಪರೀಕ್ಷೆ ಬರೀಬೇಕು, ಕಾಲೇಜಿಗೆ ಹೋಗ್ಬೇಕು. ನೀವು ನಿಲ್ಲಿಸದಿದ್ರೆ ನಾನು ನಿಲ್ಲಿಸ್ತೀನಿ. ತಿಳೀತಾ?”

ಅನು, ಅದು ನಾನು. ನನ್ನ ದನಿ, ನನ್ನ ಉಸಿರು, ಕೊನೆಗೆ ನಾನು ಪಾಠದಲ್ಲಿ ಸೇರಿಸುವ ಆ “ತಿಳೀತಾ” ಕೂಡ. ಆದರೆ ನಾನು ಹೇಳಿಲ್ಲ. ಸೌಂದರ್ಯಳಿಗೆ ಮದುವೆ ಗೊತ್ತಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ಏನ್ ಮೇಡಮ್ನೋರೆ, ಇದು ನಿಮ್ದೇ ವಾಯ್ಸ್ ತಾನೆ? ನಮ್ಮನೆ ಮದ್ವೆ ನಿಲ್ಸಕ್ಕೆ ನೀವ್ಯಾರು?” ಎಂದರು.

ಅಲ್ಲ ಎನ್ನಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಹೆಡ್‌ಮಾಸ್ಟರು ವೀರಭದ್ರಸ್ವಾಮಿ ಬಂದು ವೆಂಕಟೇಶ್ ಅವರ ಹೆಗಲ ಮೇಲೆ ಕೈಹಾಕಿ ಆಫೀಸಿಗೆ ಕರೆದೊಯ್ದರು. ಆಮೇಲೆ ತಿಳಿಯಿತು: ಹುಡುಗ ಅವಳ ಸೋದರಮಾವ, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾನೆ, ಮೂವತ್ತರ ಹತ್ತಿರ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ.

ನನ್ನ ದನಿ ಕದ್ದವರನ್ನು ನೆನೆದು ನಡುಗಲೋ, ಆ ಹುಡುಗಿಯನ್ನು ನೆನೆದು ನಡುಗಲೋ ತಿಳಿಯುತ್ತಿಲ್ಲ.

ಚೈತ್ರ


ಅಂತರಸಂತೆ
೧೫ ಡಿಸೆಂಬರ್ ೨೦೨೫

ಚೈತ್ರ,

ಲಕೋಟೆ ಒಡೆದೆ. ವರ್ಗಾವಣೆಯ ಕೌನ್ಸೆಲಿಂಗ್ ದಿನ ಆಡಿದ ಜಗಳವನ್ನು ನಾನು ಮರೆತಿಲ್ಲ, ಆ ಮಾತು ಈಗ ಬೇಡ.

ಕಾಗದ ಓದಿ ಮೊದಲು ಮಾಡಿದ ಕೆಲಸ ಹೇಳಲೇ? ನನ್ನ ಫೋನು ತೆಗೆದೆ. ದೀಪಾವಳಿಯಲ್ಲಿ ನಿನ್ನಿಂದ ಒಂದು ವಾಯ್ಸ್ ಮೆಸೇಜ್ ಬಂದಿತ್ತು. “ಅನು, ಹಬ್ಬ ಆಯ್ತಾ? ಒಂದ್ಸಲ ಮಾತಾಡೇ.” ಅಷ್ಟೇ. ನಾನು ಉತ್ತರ ಕೊಡಲಿಲ್ಲ, ಅಳಿಸಿಯೂ ಹಾಕಲಿಲ್ಲ. ಬಸ್ಸಿನಲ್ಲಿ ಹ್ಯಾಂಡ್‌ಪೋಸ್ಟ್ ಸ್ಟಾಪ್ ದಾಟಿ ಸಿಗ್ನಲ್ ಹೋದ ಮೇಲೆ ಮಾಡಲು ಬೇರೇನೂ ಇರುವುದಿಲ್ಲವಲ್ಲ, ಆಗಾಗ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಈಗ ನೋಡಿದರೆ ದಸರಾ ಆದಾಗಿನಿಂದ ನಿನಗೆ ದನಿಯೇ ಇಲ್ಲ ಎನ್ನುತ್ತೀಯ. ಹಾಗಾದರೆ ಇಷ್ಟು ದಿನ ನಾನು ಕೇಳಿಸಿಕೊಂಡದ್ದು ಯಾರನ್ನು?

ಈಗ ನಾನು ಹೇಳುವಂತೆ ಮಾಡು. ಆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬದಲಾಯಿಸು. ಪೊಲೀಸರಿಗೆ ದೂರು ಬರೆದುಕೊಡು. ಇವತ್ತು ನಿನ್ನ ದನಿಯಲ್ಲಿ ಮದುವೆ ಬೇಡ ಅಂದವರು ನಾಳೆ ಇನ್ನೇನು ಅನ್ನಿಸುತ್ತಾರೋ! ಯಾರ ಮನೆಗೆ ಫೋನು ಮಾಡಿ ಏನು ಕೇಳುತ್ತಾರೋ! ಹೆಣ್ಣುಮೇಷ್ಟರ ಹೆಸರು ಕೆಡಲು ಎಷ್ಟು ಹೊತ್ತು ಬೇಕು? ಮದುವೆಯ ವಿಷಯ ಬೇರೆ. ಅದನ್ನು ಮಕ್ಕಳ ಸಹಾಯವಾಣಿಗೆ ತಿಳಿಸು, ನಿನ್ನ ಹೆಸರು ಹೇಳಬೇಕಿಲ್ಲ. ಎರಡನ್ನೂ ಕಲಸಬೇಡ.

ಗಂಟಲಿಗೆ ಬಿಸಿನೀರು ಕುಡಿ.

ಅನುಶ್ರೀ


ಭೇರ್ಯ
೩ ಜನವರಿ ೨೦೨೬

ಅನು,

ದೀಪಾವಳಿಯದು ನಾನೇ. ಟೈಪ್ ಮಾಡಿದವಳೂ ನಾನೇ, ಪಕ್ಕದಲ್ಲಿ ಮಕ್ಕಳಿರಲಿಲ್ಲ. ಯಂತ್ರ ಹೇಳಿತು, ನಾನು ಕಳಿಸಿದೆ. ಹೆದರಬೇಡ.

ಸಹಾಯವಾಣಿಯವರಿಗೆ ಹೆಸರು ಹಾಕದೆ ಬರೆದು ವಿಷಯ ಮುಟ್ಟಿಸಿದೆ. ಇಬ್ಬರು ಬಂದು ವಿಚಾರಿಸಿದರು. ಮನೆಯವರು “ಮದ್ವೆನೂ ಇಲ್ಲ ಗಿದ್ವೆನೂ ಇಲ್ಲ” ಎಂದು ಕಾಫಿ ಕೊಟ್ಟು, ಹಾಗೆಂದು ಬರೆದೂ ಕೊಟ್ಟು ಕಳಿಸಿದರು. ಮಾರನೆಯ ದಿನದಿಂದ ಮದುವೆಯನ್ನು ಹುಡುಗನ ಊರಿನಲ್ಲೇ ಸದ್ದಿಲ್ಲದೆ ಮುಗಿಸುವ ಮಾತು ಊರಲ್ಲಿ ಓಡಾಡುತ್ತಿದೆ.

ಪೊಲೀಸರಿಗೆ ಬರೆದ ದೂರು ಬ್ಯಾಗಿನಲ್ಲೇ ಉಳಿಯಿತು. ಯಾಕೆಂದು ಹೇಳುತ್ತೇನೆ.

ಮೊನ್ನೆ ಬಿಸಿಯೂಟದ ಹೊತ್ತು. ನಾನು ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಸೌಂದರ್ಯ ತಟ್ಟೆ ಹಿಡಿದುಕೊಂಡೇ ಬಂದಳು. ಅನ್ನಸಾಂಬಾರು ಹಾಗೇ ಇತ್ತು, ಒಂದು ತುತ್ತೂ ಮುಟ್ಟಿರಲಿಲ್ಲ.

“ನಾನೇ ಮಿಸ್.”

ಏನು ನಾನೇ ಎಂದು ಕೈಯಲ್ಲೇ ಕೇಳಿದೆ.

“ವಾಯ್ಸ್ ಮಾಡಿದ್ದು. ನೀವು ಪಾಠ ಟೈಪ್ ಮಾಡಕ್ಕೆ ಕೂರ್ಸಿದ್ರಲ್ಲ, ಆಗ.”

ಯಾರೋ ಪುಂಡರು, ಯಾರೋ ನನ್ನ ಮೇಲೆ ಹಗೆಯಿರುವವರು ಎಂದು ಇಷ್ಟು ದಿನ ಊರಿನ ಒಂದೊಂದು ಮುಖವನ್ನೂ ಅನುಮಾನದಿಂದ ನೋಡಿದ್ದೇನೆ. ಈ ಮುಖವನ್ನು ಮಾತ್ರ ನೋಡಿರಲಿಲ್ಲ. ಸಿಟ್ಟು ಬಂತು. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆ: “ನನ್ನನ್ನು ಯಾಕೆ ಕೇಳಲಿಲ್ಲ?”

ಅವಳು ಅದನ್ನು ಓದಿ, ತಲೆ ತಗ್ಗಿಸಿದಳು. “ನೀವು ಬಂದು ಅಪ್ಪನ ಹತ್ರ ಮಾತಾಡಿದ್ರೆ ಏನು ಹೇಳ್ತಿದ್ರೋ ಅದನ್ನೇ ಬರೆದೆ ಮಿಸ್. ನಿಮಗೆ ಮಾತಾಡಕ್ಕೆ ಆಗಲ್ವಲ್ಲ. ನಾನು ಹೇಳಿದ್ರೆ ಅಪ್ಪ ಹೊಡಿತಾರೆ. ನೀವು ಹೇಳಿದ್ರೆ ಕೇಳ್ತಾರೆ.”

ಅವಳು ಕಳಿಸಿದ್ದು ಅದೊಂದೇ ಅಲ್ಲ. ಅಜ್ಜಿ ಜಯಲಕ್ಷ್ಮಮ್ಮನಿಗೂ ಒಂದು ಕಳಿಸಿದ್ದಾಳೆ. ಅಜ್ಜಿಗೆ ಈ ಮದುವೆ ಕಣ್ಣಾರೆ ನೋಡುವ ಆಸೆ, ಮನೆಯಲ್ಲಿ ಅವರ ಮಾತೇ ನಡೆಯುವುದು. ಆ ಇನ್ನೊಂದನ್ನೂ ಕೇಳಿಸು ಎಂದು ಬರೆದೆ. ನನ್ನ ದನಿ ತುಂಬ ಮೆತ್ತಗೆ ಹೇಳಿತು: “ಅಮ್ಮ, ನನಗೂ ಒಬ್ಬಳು ಮಗಳಿದ್ದಿದ್ರೆ ನಿಮ್ಮ ಮೊಮ್ಮಗಳ ಥರಾನೇ ಇರ್ಲಿ ಅಂತ ಕೇಳ್ಕೋತಿದ್ದೆ. ಅವಳನ್ನ ಓದಕ್ಕೆ ಬಿಡಿ.”

ಅದನ್ನು ನಾನು ಯಾರ ಹತ್ತಿರವೂ ಆಡಿದ್ದಿಲ್ಲ ಅನು. ನಿನ್ನ ಹತ್ತಿರವೂ. ಹದಿನೈದು ವರ್ಷದ ಹುಡುಗಿ ಎಲ್ಲಿಂದ ತೆಗೆದಳು ಅದನ್ನು?

ಅಜ್ಜಿ ಈಗ ಮಗನಿಗೆ ಹೇಳಿದ್ದಾರಂತೆ: “ಆ ಮಾತು ಮೇಡಮ್ಮಂದೇ ಆದ್ರೆ ಮದ್ವೆ ಬ್ಯಾಡ ಕಣ್ಲಾ. ಯಾವನೋ ಆಟ ಕಟ್ಟಿದ್ರೆ ಮುಹೂರ್ತ ಇಟ್ಟಂಗೇ ಆಗ್ಲಿ.” ಸಂಕ್ರಾಂತಿ ಕಳೆದ ಮೇಲೆ ಶಾಲೆಯಲ್ಲಿ ಸಭೆ. ಎಲ್ಲರ ಮುಂದೆ ನನ್ನನ್ನೇ ಕೇಳುತ್ತಾರೆ.

ಸೌಂದರ್ಯ ಹೋಗುವಾಗ ತಟ್ಟೆಯನ್ನು ಮೇಜಿನ ಮೇಲೇ ಮರೆತುಹೋದಳು.

ಚೈತ್ರ


ಅಂತರಸಂತೆ
೯ ಜನವರಿ ೨೦೨೬

ಚೈತ್ರ,

ನಿನಗೆ ಬುದ್ಧಿ ಇದೆಯೇನೇ? ಅವಳನ್ನು ಗದರಿಸಿದೆಯೋ ಇಲ್ಲವೋ ಎಂಬುದನ್ನೂ ಬರೆದಿಲ್ಲ. ಪಾಪ ಅನ್ನಿಸುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮಾಡಿದ್ದು ಮೋಸ. ನೀನು ಸಭೆಯಲ್ಲಿ ನಾನೇ ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳು. ಪೋಷಕರನ್ನು ಬೆದರಿಸಿದಳು ಎಂದು ನಿನಗೆ ನೋಟಿಸ್ ಬರುತ್ತದೆ. ನಾನಲ್ಲ ಎಂದು ಹೇಳು. ಹೇಳಿ, ಆಮೇಲೆ ಬೇಕಾದರೆ ಅದೇ ಬುದ್ಧಿಮಾತನ್ನು ನೀನೇ ಬರೆದು ಓದಿಸು. ಸತ್ಯವೂ ಉಳಿಯುತ್ತದೆ, ಹುಡುಗಿಯೂ…

ಇಷ್ಟಕ್ಕೆ ನಿಲ್ಲಿಸಿ ಶಾಲೆಗೆ ಹೋಗಿದ್ದೆ. ಈಗ ಸಂಜೆ.

ನಾನಲ್ಲ ಎಂದರೆ ಮತ್ಯಾರು ಎಂದು ಕೇಳುತ್ತಾರೆ, ಅಲ್ಲವೇ? ಆ ಯಂತ್ರದ ಮುಂದೆ ಕೂರುತ್ತಿದ್ದವರು ಯಾರು ಎಂದು ಇಡೀ ಶಾಲೆಗೆ ಗೊತ್ತು. ಬೆಳಿಗ್ಗೆ ನನಗಿದು ಹೊಳೆದಿರಲಿಲ್ಲ.

ನಮ್ಮ ಒಂಬತ್ತನೇ ತರಗತಿಯಲ್ಲಿ ಈ ಊರಿನ ಕುಳ್ಳಯ್ಯ ಎಂಬವನ ಮಗಳು ಇದ್ದಳು. ಬೇಸಿಗೆ ರಜೆ ಮುಗಿಸಿ ಟಿ.ಸಿ. ಕೇಳಲು ಬಂದಾಗ ಕುತ್ತಿಗೆಯಲ್ಲಿ ತಾಳಿ ಇತ್ತು. ನನ್ನ ಮುಂದೆ ನಿಂತು ನಕ್ಕಳು, “ಬತ್ತೀನಿ ಮಿಸ್” ಅಂದಳು. ಅವಳು ಯಾರ ದನಿಯನ್ನೂ ಕದಿಯಲಿಲ್ಲ.

ಏನು ಮಾಡೆಂದು ಹೇಳುವುದಕ್ಕೆ ನನಗೆ ತಿಳಿಯುತ್ತಿಲ್ಲ.

ಅನು


ಭೇರ್ಯ
೨೦ ಜನವರಿ ೨೦೨೬

ಅನು,

ಸಭೆ ಆಯಿತು.

ಹತ್ತನೇ ತರಗತಿಯ ಕೋಣೆಯಲ್ಲೇ ಸೇರಿದ್ದೆವು. ಊರಿನ ಗಂಡಸರು ಬೆಂಚುಗಳ ಮೇಲೆ, ಜಯಲಕ್ಷ್ಮಮ್ಮ ಬಾಗಿಲ ಬಳಿ ಕುರ್ಚಿಯಲ್ಲಿ. ಅವರ ಹಿಂದೆ ಗೋಡೆಗೆ ಒರಗಿ ಸೌಂದರ್ಯ. ಒಳಗೆ ಹೋಗುವ ಮುಂಚೆ ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ‘ನಾನಲ್ಲ’ ಅಂತ ಒಂದು ಮಾತು ಅಂದ್ಬಿಡಿ. ಯಾರೋ ಕಿಡಿಗೇಡಿಗಳು ಅಂತ ನಾನು ಮುಗಿಸ್ತೀನಿ. ಯಾರು ಏನು ಅಂತ ಬೆದಕೋದು ಬೇಡ.” ಒಳ್ಳೆಯ ಮನುಷ್ಯ. ನನ್ನನ್ನು ಉಳಿಸಲೆಂದೇ ಹೇಳಿದರು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ಗೊತ್ತಿಲ್ಲ.

ವೆಂಕಟೇಶ್ ಅವರ ಫೋನಿನಲ್ಲಿದ್ದದ್ದನ್ನು ದೊಡ್ಡ ಸ್ಪೀಕರಿಗೆ ಹಾಕಿ ಕೇಳಿಸಿದರು. ನಾನು ದ್ಯುತಿಸಂಶ್ಲೇಷಣೆ ಹೇಳಿಕೊಟ್ಟ ಅದೇ ಸ್ಪೀಕರು. ಮುಗಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. ಮೂರು ತಿಂಗಳಿಂದ ಬಳಸದ ಗಂಟಲನ್ನು ಬಿಗಿಹಿಡಿದು, “ನಂದೇ” ಎಂದೆ.

ಬಂದ ಸದ್ದನ್ನು ಕೇಳಿ ನಾನೇ ಬೆಚ್ಚಿಬಿದ್ದೆ. ಕಲ್ಲಿನ ಮೇಲೆ ಕರಟ ಉಜ್ಜಿದ ಹಾಗಿತ್ತು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಪುಟ್ಟಸ್ವಾಮಿ ನಕ್ಕೇಬಿಟ್ಟರು. “ಅಲ್ಲ ಕಣ್ರಪ್ಪ, ಅದ್ರಲ್ಲಿ ಬಂದ ದನಿನೇ ಬ್ಯಾರೆ, ಇದೇ ಬ್ಯಾರೆ. ಇದು ಮೇಡಮ್ಮಂದು ಅಂತ ಯಾರಾನ ಒಪ್ತಾರಾ?” ಹಿಂದಿನ ಬೆಂಚಿನವರೂ ನಕ್ಕರು.

ಅನು, ನನ್ನನ್ನು ನಂಬಲಿಲ್ಲ ಕಣೇ! ಇಷ್ಟು ದಿನ ಅಲ್ಲ ಎನ್ನುವುದು ಹೇಗೆ ಎಂದು ಒದ್ದಾಡಿದವಳು ನಾನು. ಹೌದು ಎಂದರೆ ನಂಬದೆ ಹೋಗಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆ ಯಂತ್ರವೇ ಚೈತ್ರ ಮಿಸ್, ಇಲ್ಲಿ ನಿಂತವಳು ಯಾರೋ. ವೆಂಕಟೇಶ್ ಫೋನು ಜೇಬಿಗಿಟ್ಟುಕೊಂಡು ಏಳತೊಡಗಿದರು. ಸೌಂದರ್ಯ ಗೋಡೆಗೆ ಒರಗಿದ್ದವಳು ಹಾಗೇ ಕೆಳಗೆ ಜಾರಿ ಕೂತಳು.

ನಾನು ಮೊದಲಿನಿಂದ ಶುರುಮಾಡಿದೆ. “ವೆಂಕಟೇಶ್ ಅವರೇ. ನಾನು. ಚೈತ್ರ ಮಿಸ್.” ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳಬೇಕಿತ್ತು. ಅವಳಿಗಿನ್ನೂ ಹದಿನೈದು. ಪರೀಕ್ಷೆ ಬರೀಬೇಕು. ಆ ಹುಡುಗಿ ನನಗಾಗಿ ಬರೆದದ್ದನ್ನೆಲ್ಲ ಹೇಳಿದೆ. ಕಾಲೇಜು ಎನ್ನುವಾಗ ದನಿ ಪೂರಾ ನಿಂತು ಬರೀ ತುಟಿ ಆಡಿತು, ಬಾಯಲ್ಲಿ ರಕ್ತದ ರುಚಿ. ನಗು ನಿಂತಿತ್ತು. ನಿಲ್ಲಿಸದಿದ್ರೆ ನಾನು ನಿಲ್ಲಿಸ್ತೀನಿ ಎನ್ನುವಲ್ಲಿಗೆ ಬರುವಷ್ಟರಲ್ಲಿ ಜಯಲಕ್ಷ್ಮಮ್ಮ ಎದ್ದು ಬಂದು ನನ್ನ ತೋಳು ಹಿಡಿದರು.

“ಸಾಕು ಬುಡವ್ವ. ಗಂಟ್ಲು ಅರ್ಕಬ್ಯಾಡ.”

ಆಮೇಲೆ ಮಗನ ಕಡೆ ತಿರುಗಿದರು. “ಲೇ ವೆಂಕಟೇಸ, ನಿನ್ ಬಾಮೈದುಂಗೆ ಯೋಳ್ಬುಡು, ಬ್ಯಾರೆ ಎಣ್ಣು ನೋಡ್ಕಳ್ಲಿ. ಮಗ ಓದ್ಲಿ.”

ವೆಂಕಟೇಶ್ ನನ್ನನ್ನಾಗಲಿ ತಾಯಿಯನ್ನಾಗಲಿ ನೋಡದೆ ಹೊರಟುಹೋದರು.

ಎಲ್ಲರೂ ಚದುರಿದ ಮೇಲೆ ಅಜ್ಜಿ ಜಗಲಿಯಲ್ಲಿ ನನಗಾಗಿ ನಿಂತಿದ್ದರು. “ನಂಗೂ ಒಂದು ಬಂದಿತ್ತಲ್ಲವ್ವ, ಮಗಳ ವಿಸ್ಯ. ಅದ್ನ ಯಾಕೆ ಯೋಳ್ನಿಲ್ಲ ನೀನು?” ಕೇಳಿ ನನ್ನ ಮುಖವನ್ನೇ ನೋಡಿದರು. ಅವರಿಗೆ ಎಲ್ಲ ಗೊತ್ತಾಗಿದೆ ಅನ್ನಿಸಿತು.

“ಅದು ದಿಟವ?”

“ದಿಟ,” ಎಂದೆ. ಆ ಒಂದು ಪದ ಮಾತ್ರ ಸಲೀಸಾಗಿ ಬಂತು.

ಚೈತ್ರ


ಅಂತರಸಂತೆ
೨೮ ಜನವರಿ ೨೦೨೬

ಚೈತ್ರ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ. ಗಂಟೆ ಹೊಡೆದದ್ದು ಕೇಳಿಸಲಿಲ್ಲ, ಮಕ್ಕಳು ಬಂದು ಕರೆದರು.

ಭಾನುವಾರ ಬರುತ್ತೇನೆ. ಅವರೆಕಾಳು ಬಿಡಿಸಿಡು. ನೀನು ಮಾತಾಡಕೂಡದು, ನಾನೇ ಆಡುತ್ತೇನೆ. ಎರಡು ವರ್ಷದ್ದು ಬಾಕಿ ಇದೆ.

ಅನು


ಭೇರ್ಯ
೬ ಏಪ್ರಿಲ್ ೨೦೨೬

ಅನು,

ನೀನು ಬಂದುಹೋಗಿ ಇಷ್ಟು ದಿನವಾದರೂ ಫೋನು ಮಾಡದೆ ಕಾಗದ ಬರೆಯುತ್ತೇನೆಂದು ನಗಬೇಡ. ಮೈಸೂರಿನ ಆಪರೇಷನ್ ಸರಿಹೋಗಿದೆ. ದನಿ ಒಂದಿಷ್ಟು ಬಂದಿದೆ, ಹಳೆಯದಲ್ಲ. ಇನ್ನು ಇದೇ ಎಂದು ಡಾಕ್ಟರು ಹೇಳಿದ್ದಾರೆ.

ಇಲಾಖೆಯಿಂದ ನೋಟಿಸ್ ಬಂದಿತ್ತು. ಹೌದು, ನಾನೇ ಹೇಳಿದೆ ಎಂದು ಉತ್ತರ ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಲ್ಯಾಪ್‌ಟಾಪನ್ನು ಹೆಡ್‌ಮಾಸ್ಟರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೊನೆಯ ಪಾಠಗಳನ್ನು ಬೋರ್ಡಿನಲ್ಲಿ ಬರೆದು, ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ ಮುಗಿಸಿದೆ. ಸೌಂದರ್ಯ ಪರೀಕ್ಷೆ ಬರೆದಳು. ವಿಜ್ಞಾನ ಪರೀಕ್ಷೆಯ ದಿನ ಹಾಲ್‌ನಿಂದ ಹೊರಗೆ ಬಂದು ದೂರದಿಂದಲೇ ಕೈ ಎತ್ತಿದಳು. ಅವಳಪ್ಪ ಬೈಕಿನಲ್ಲಿ ಕಾಯುತ್ತಿದ್ದರು, ನನ್ನನ್ನು ಕಂಡು ಮುಖ ತಿರುಗಿಸಿಕೊಂಡರು. ಇರಲಿ. ಕರೆತಂದಿದ್ದರಲ್ಲ.

ನಾನು ಬರೆಯಲು ಕೂತದ್ದು ಇದಕ್ಕಲ್ಲ. ಇವತ್ತು ಶಾಲೆಗೆ ಒಬ್ಬ ಹೆಂಗಸು ಬಂದಿದ್ದಳು. ಪಿರಿಯಾಪಟ್ಟಣದ ಆಚೆಯ ಹಳ್ಳಿ, ಹೆಸರು ಮರಮ್ಮ. ಎರಡು ಬಸ್ ಬದಲಾಯಿಸಿ ಬಂದಿದ್ದಳು. ಕೈಯಲ್ಲೊಂದು ಚೀಲ, ಅದರ ತುಂಬ ನುಗ್ಗೇಕಾಯಿ. ನನ್ನ ಮುಂದೆ ನಿಂತು ಫೋನು ತೆಗೆದಳು.

“ನಾನು ಚೈತ್ರ ಮಿಸ್,” ಎಂದಿತು ಫೋನು. ನನ್ನ ಹೋದ ದನಿ, ನಿಚ್ಚಳವಾಗಿ. “ನಿಮ್ಮ ಮಗಳನ್ನ ಶಾಲೆ ಬಿಡಿಸಬೇಡಿ…” ನಾನು ಎಂದೂ ಕೇಳಿರದ ಒಬ್ಬ ಗಂಡಸಿನ ಹೆಸರು, ನಾನು ಎಂದೂ ನೋಡಿರದ ಒಬ್ಬ ಹುಡುಗಿಯ ಹೆಸರು ಅದರಲ್ಲಿತ್ತು.

ಸೌಂದರ್ಯಳೇ ಎಂದುಕೊಂಡೆ. ಯಾರು ಮಾಡಿದ್ದು ಎಂದು ಕೇಳಿದೆ.

“ನಾನೇ ಕಣವ್ವ,” ಅಂದಳು ಮರಮ್ಮ.

ವೆಂಕಟೇಶ್ ಬಾಮೈದನ ಕಡೆಯಿಂದ ಆ ಧ್ವನಿ ಊರಿಂದೂರಿಗೆ ಹರಿದು ಅವಳ ಹಳ್ಳಿಗೂ ಬಂದಿತ್ತಂತೆ. ನಗುವುದಕ್ಕೆಂದು ಹಂಚಿದ್ದು. ಅದು ಯಂತ್ರದಲ್ಲಿ ಮಾಡಿದ ದನಿ ಎಂಬ ಗುಮಾನಿಯೂ ಜೊತೆಗೇ ಹೋಗಿತ್ತು. ಪಕ್ಕದ ಮನೆಯ ಕಾಲೇಜು ಹುಡುಗಿಯರ ಕೈಕಾಲು ಹಿಡಿದು, ಅದೇ ದನಿಯಲ್ಲಿ ತನ್ನ ಗಂಡನ ಹೆಸರು, ಮಗಳ ಹೆಸರು ಸೇರಿಸಿ ಮೊಬೈಲಿನಲ್ಲೇ ಮಾಡಿಸಿದ್ದಾಳೆ.

“ನನ್ ಗಂಡ ಸುಮ್ಕಾದ. ಮಗೀನ ಇಸ್ಕೂಲಿಗೆ ಕಳಿಸ್ತಾವ್ನೆ. ನಿಮ್ಮನ್ನ ಕೇಳ್ದೆ ತಕ್ಕೊಂಡ್ಬುಟ್ಟೆ. ತಪ್ಪೋ ಸರಿಯೋ, ಒಂದ್ಮಾತು ಯೋಳ್ಬುಟ್ಟು ಓಗನ ಅಂತ ಬಂದೆ.”

“ನೀನೇ ಹೇಳಬಹುದಿತ್ತಲ್ಲಮ್ಮ ಅವನಿಗೆ,” ಎಂದೆ. ಒಡೆದ ದನಿಯಲ್ಲಿ ಅದು ಗದರಿಕೆಯಂತೆ ಕೇಳಿಸಿರಬೇಕು.

ಅವಳು ನನ್ನನ್ನು ಅಚ್ಚರಿಯಿಂದ ನೋಡಿದಳು. “ಅದಿನಾರು ವರ್ಸದಿಂದ ಯೋಳ್ತಾನೇ ಇವ್ನಿ ಮೇಡಮ್ನೋರೆ. ನನ್ ದನಿ ಯಾರ್ಗೆ ಕೇಳ್ಸುತ್ತೆ?”

ಪೊಲೀಸು, ದೂರು, ಮೋಸ, ನೀನು ಬರೆದ ಮಾತೆಲ್ಲ ತಲೆಯಲ್ಲಿ ಒಂದು ಸುತ್ತು ಬಂತು. ಅವಳು ನುಗ್ಗೇಕಾಯಿಯ ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು, ಬೈಗುಳಕ್ಕೆ ಕಾಯುವವಳಂತೆ ಸೆರಗು ಹಿಡಿದು ನಿಂತಿದ್ದಳು.

ಕುರ್ಚಿ ಎಳೆದು ಕೂರಿಸಿದೆ. ಆಮೇಲೆ ಕೇಳಿದೆ:

“ಮಗಳು ಎಷ್ಟನೇ ಕ್ಲಾಸು?”

ನಿನ್ನ ಚೈತ್ರ